ಪರರ ಮನೆಯ ಅನ್ನ, ಪರದೇಶದ ವಿದ್ಯೆ

(ವಿದ್ಯಾರ್ಜನೆಗಾಗಿ ಜರ್ಮನಿಗೆ ಹೊರಟ ತರುಣನೊಬ್ಬನನ್ನು ಬೀಳ್ಕೊಡಲು ನಂಜನಗೂಡಿನಲ್ಲಿ ಕೂಡಿದ ಸಭೆಯಲ್ಲಿ ವಕೀಲರೊಬ್ಬರು ಮಾಡಿದ ಭಾಷಣ)



ನಮ್ಮ ತಾಲ್ಲೂಕಿನ ಈ ತರುಣನು ಇನ್ನು ಎಂಟು ದಿನಗಳಲ್ಲಿ ಜರ್ಮನಿಗೆ ಹೊರಡುವನು. ಅಲ್ಲಿ ಅವನು ವಿದ್ಯಾರ್ಥಿನಿಲಯದಲ್ಲಿರದೆ ಒಬ್ಬ ಗೃಹಸ್ಥರ ಮನೆಯಲ್ಲಿದ್ದುಕೊಂಡು ಓದತಕ್ಕವನು. ನಮಗಿಂತ ಮೊದಲು ಮಾತನಾಡಿದ ಮಹನೀಯರು ಅವನು ಪಡೆಯಲಿರುವ ಪದವಿಯನ್ನೂ ಊರಿಗೆ ತರಲಿರುವ ಕೀರ್ತಿಯನ್ನೂ ಕೊಂಡಾಡಿದರು. ಅದೆಲ್ಲವೂ ಆಗಲಿ. ಆದರೆ ಸಭೆಗೆ ಮುಂಚೆ ಅವನ ತಾಯಿಯವರು ನಮ್ಮನ್ನು ಕೇಳಿದ ಪ್ರಶ್ನೆಯೇ ಬೇರೆ. "ಗುರುತು ಪರಿಚಯ ಇಲ್ಲದೋರ ಮನೇಲಿ ನನ್ನ ಮಗ ಹೆಂಗಿರ್ತಾನೆ ಸ್ವಾಮಿ?" ಎಂದರು. ಪದವಿಯ ಮಾತಿಗಿಂತ ಈ ಮಾತು ದೊಡ್ಡದೆಂದು ನಮಗೆ ತೋರಿತು. ಆದುದರಿಂದ ಅದಕ್ಕೆ ಉತ್ತರ ಹೇಳಲು ಯತ್ನಿಸುವುದೇ ಇಂದಿನ ನಮ್ಮ ಕೆಲಸ.

ಪರರ ಮನೆಯಲ್ಲಿದ್ದು ಓದುವುದು ನಮ್ಮ ಸೀಮೆಗೆ ಹೊಸದಲ್ಲ. ವಾರಾನ್ನವೆಂಬ ಪದ್ಧತಿಯನ್ನು ಹಿರಿಯರು ಬಲ್ಲರು. ಹಳ್ಳಿಯ ಬಡ ಹುಡುಗನು ಮೈಸೂರಿಗೆ ಬಂದು, ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ, ಹೀಗೆ ಏಳು ಮನೆಗಳಲ್ಲಿ ಉಂಡು ಓದುತ್ತಿದ್ದನು. ಆ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನು ಇಲ್ಲಿ ಮುಚ್ಚಿಡಬಾರದು. ಆ ಕೊರತೆಯನ್ನು ತುಂಬಲೆಂದೇ ಬಗೆಬಗೆಯ ಉಚಿತ ವಿದ್ಯಾರ್ಥಿನಿಲಯಗಳು ಹುಟ್ಟಿಕೊಂಡವು. ನಮ್ಮ ತಾಲ್ಲೂಕಿನ ಸುತ್ತೂರು ಮಠದ ಶಿವರಾತ್ರಿ ರಾಜೇಂದ್ರ ಸ್ವಾಮಿಗಳು 1940ರ ದಶಕದಲ್ಲಿ ಮೈಸೂರಿನಲ್ಲಿ ನಡೆಸಿದ ಪ್ರಸಾದನಿಲಯದಿಂದ ಎಷ್ಟು ಹಳ್ಳಿಯ ಮಕ್ಕಳು ವಿದ್ಯಾವಂತರಾದರೆಂಬುದು ಈ ಸಭೆಗೆ ತಿಳಿದೇ ಇದೆ.

ಇನ್ನು ಒಂದು ನಿದರ್ಶನ. ಸಮಾಜಶಾಸ್ತ್ರಜ್ಞರಾದ ಎಂ. ಎನ್. ಶ್ರೀನಿವಾಸರು 1916ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. ಮಹಾರಾಜಾ ಕಾಲೇಜಿನಲ್ಲಿಯೂ ಆಮೇಲೆ ಮುಂಬಯಿಯಲ್ಲಿಯೂ ಓದಿ, 1945ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ಡಾಕ್ಟರೇಟ್ ಪಡೆದು ಹಿಂದಿರುಗಿದವರು 1948ರಲ್ಲಿ ಎಲ್ಲಿಗೆ ಹೋದರು ಬಲ್ಲಿರಾ? ನೆರೆಯ ಟಿ. ನರಸೀಪುರದ ಕಡೆಯ, ಬನ್ನೂರು ಸೀಮೆಯ ಕೊಡಗಹಳ್ಳಿಗೆ! ತಮ್ಮ ಬರಹಗಳಲ್ಲಿ ಅದಕ್ಕೆ ರಾಮಪುರವೆಂದು ಹೆಸರಿಟ್ಟರು. ಪಂಡಿತರಾಗಿ ಕಲಿಸಲು ಹೋಗಲಿಲ್ಲ. ರೈತನು ಹೇಗೆ ಬದುಕುತ್ತಾನೆಂಬುದನ್ನು ರೈತನಿಂದಲೇ ಕಲಿಯಲು ವಿದ್ಯಾರ್ಥಿಯಾಗಿ ಹೋದರು. ಊರಿನ ಮುಖ್ಯಸ್ಥರು ತಮ್ಮ ಎತ್ತಿನ ಮನೆಯಲ್ಲಿ ಅವರಿಗೆ ಜಾಗ ಕೊಟ್ಟರು. ಆಕ್ಸ್‌ಫರ್ಡಿನ ಡಾಕ್ಟರು ಎತ್ತುಗಳ ಮಗ್ಗುಲಲ್ಲಿ ಬಿಡಾರ ಹೂಡಿದರು.

ಭಾಷೆ ಒಂದೇ, ಜಿಲ್ಲೆ ಒಂದೇ, ಹುಟ್ಟಿದ ಊರು ಕೂಗಳತೆಯೆಂಬಷ್ಟು ಸಮೀಪ. ಆದರೂ ಅದು ಅವರಿಗೆ ಪರದೇಶವೇ ಆಗಿತ್ತು. ಬ್ರಾಹ್ಮಣರಾದುದರಿಂದ ಅವರು ಹೀಗೆಯೇ ನಡೆಯಬೇಕೆಂದು ಊರವರು ಅಪೇಕ್ಷಿಸಿದರು. ಮುಖ್ಯಸ್ಥರ ಅತಿಥಿಯಾದುದರಿಂದ ಕೆಲವು ಬಾಗಿಲುಗಳು ತಾವಾಗಿ ತೆರೆದವು, ಕೆಲವು ಮುಚ್ಚಿಯೇ ಉಳಿದವು. ದಲಿತರ ಕೇರಿಯಲ್ಲಿ ತಮಗೆ ಬಳಕೆ ಸಾಲದಾಯಿತೆಂದೂ, ತಾವು ಕಂಡದ್ದು ಬಹುಮಟ್ಟಿಗೆ ಮೇಲ್ಜಾತಿಯ ಭೂಮಾಲೀಕರ ಕಣ್ಣಿಗೆ ಕಂಡ ಊರೆಂದೂ ಮುಂದೆ ಅವರೇ ಒಪ್ಪಿಕೊಂಡರು. ಅಪ್ಪಾ ಮಗು, ಇದನ್ನು ಚೆನ್ನಾಗಿ ನೆನಪಿಡು. ಆಶ್ರಯ ಕೊಟ್ಟ ಮನೆಯ ಕಿಟಕಿಯಿಂದ ಕಂಡದ್ದೇ ಇಡೀ ದೇಶವಲ್ಲ. ಆ ಮನೆಯವರನ್ನು ನೋಯಿಸದೆ ಬೀದಿಗೂ ಇಳಿದು ನೋಡುವುದನ್ನು ಕಲಿಯಬೇಕು.

ಕಥೆ ಅಲ್ಲಿಗೆ ಮುಗಿಯಲಿಲ್ಲ. 1952ರಲ್ಲಿ ಅವರು ಮತ್ತೆ ಆ ಊರಿಗೆ ಹೋಗಿ ಬಂದರು. 1970ರ ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಅವರು ಕೆಲಸ ಮಾಡುತ್ತಿದ್ದ ಕೊಠಡಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಆಹುತಿಯಾಯಿತು. ವರ್ಷಗಟ್ಟಲೆ ತಿದ್ದಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರು ಪ್ರತಿಗಳೂ ಉರಿದುಹೋದವು. ಮಿತ್ರರ ಉತ್ತೇಜನದಿಂದ ಅವರು ಹೆಚ್ಚಾಗಿ ನೆನಪನ್ನೇ ನಂಬಿ ಬರೆಯಲು ಕುಳಿತರು. ಹಾಗೆ 1976ರಲ್ಲಿ ಹೊರಬಂದ 'ದಿ ರಿಮೆಂಬರ್ಡ್ ವಿಲೇಜ್' ಎಂಬ ಗ್ರಂಥವು ಲೋಕದ ವಿದ್ವಾಂಸರೆಲ್ಲ ಓದುವಂಥದಾಯಿತು. ಕಾಗದ ಸುಟ್ಟರೂ ಆ ಊರಿನ ಮುಖಗಳು, ಮಾತುಗಳು, ಜಗಳಗಳು ಅವರ ಮನಸ್ಸಿನಿಂದ ಹೋಗಿರಲಿಲ್ಲ. ಆಶ್ರಯದಾತರನ್ನು ಹಾಗೆ ಮನಸ್ಸಿಟ್ಟು ನೋಡಿದವನಿಗೆ ಮಾತ್ರ ಅಂತಹ ನೆನಪು ಉಳಿಯುತ್ತದೆ.

ಈಗ ನಮ್ಮದೇ ಒಂದು ತಪ್ಪನ್ನು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ನಾವು ಕಾಲೇಜಿಗೆಂದು ಮೈಸೂರಿಗೆ ಹೋದಾಗ ದೂರದ ಬಂಧುಗಳೊಬ್ಬರ ಮನೆಯಲ್ಲಿ ಎರಡು ವರ್ಷ ಇದ್ದೆವು. ಪರೀಕ್ಷೆಯ ದಿನಗಳಲ್ಲಿ ನಾವು ಪುಸ್ತಕ ಮಡಿಸುವವರೆಗೆ ಆ ಮನೆಯ ತಾಯಿ ತಾವೂ ಮಲಗುತ್ತಿರಲಿಲ್ಲ. ಅವರು ನಮ್ಮನ್ನು ಕೇಳಿದ ಉಪಕಾರ ಒಂದೇ: ತಮ್ಮ ಚಿಕ್ಕ ಮಗನಿಗೆ ಸಂಜೆ ಸ್ವಲ್ಪ ಲೆಕ್ಕ ಹೇಳಿಕೊಡಬೇಕೆಂದು. ನಮಗೆ ಓದುವುದಿದೆಯೆಂದು ನುಣುಚಿಕೊಂಡೆವು. ಪದವಿ ಬಂದಿತು, ಕರಿಯ ಕೋಟೂ ಬಂದಿತು. ಆ ತಾಯಿಗೆ ಒಂದು ಕಾಗದವನ್ನೂ ಬರೆಯಲಿಲ್ಲ. ಇಲ್ಲಿಂದ ಆ ಮನೆಗೆ ಹದಿನೈದು ಮೈಲಿ. ನಾವು ಮತ್ತೆ ಆ ಹೊಸ್ತಿಲು ತುಳಿದದ್ದು ಅವರ ಉತ್ತರಕ್ರಿಯೆಯ ದಿನ. ಆ ಮಗನು, ಈಗ ಗೃಹಸ್ಥನು, ಬಾಗಿಲಲ್ಲಿಯೇ ನಮ್ಮನ್ನು ಗುರುತಿಸಿ, "ಬನ್ನಿ ಅಣ್ಣಾ, ಅಮ್ಮ ನಿಮ್ಮನ್ನು ಕೇಳುತ್ತಿದ್ದರು" ಎಂದನು. ಕೈಸಾಲಕ್ಕೆ ಕಾನೂನಿನಲ್ಲಿ ಮೂರು ವರ್ಷದ ಕಾಲಮಿತಿಯುಂಟು. ಅನ್ನದ ಋಣಕ್ಕೆ ಅಂತಹ ಮಿತಿಯಿಲ್ಲವೆಂಬುದು ಅಂದು ನಮಗೆ ತಿಳಿಯಿತು.

ಆದುದರಿಂದ, ಮಗು, ನಿನಗೆ ನಾವು ಹೇಳತಕ್ಕದ್ದು ಸ್ವಲ್ಪವೇ. ಆ ಮನೆಯ ನಿಯಮಗಳನ್ನು ಮೊದಲ ದಿನವೇ ಕೇಳಿ ತಿಳಿದುಕೊ. ನೀನು ಉಣ್ಣದ ಪದಾರ್ಥವಿದ್ದರೆ ಸಂಕೋಚಪಡದೆ ವಿನಯದಿಂದ ಹೇಳು, ಮುಚ್ಚಿಟ್ಟು ಹಸಿದಿರಬೇಡ. ಉಂಡ ತಟ್ಟೆಯನ್ನು ನೀನೇ ತೊಳೆ. ಅವರ ಭಾಷೆಯನ್ನು ತಪ್ಪುತಪ್ಪಾಗಿಯಾದರೂ ಆಡು; ಕೇಳಿದವರಿಗೆ ನಮ್ಮ ಕನ್ನಡವನ್ನು ಹೆಮ್ಮೆಯಿಂದ ಪರಿಚಯಿಸು. ಆ ಮನೆಯ ಮಗುವಿಗೆ ಲೆಕ್ಕ ಹೇಳಿಕೊಡಬೇಕಾಗಿ ಬಂದರೆ ಇಲ್ಲವೆನ್ನಬೇಡ.

ಪುರಜನರಲ್ಲಿಯೂ ಒಂದು ವಿಜ್ಞಾಪನೆಯಿದೆ. ಮೈಸೂರಿಗೆ ಇಂದು ಹಲವು ದೇಶಗಳಿಂದಲೂ ಈಶಾನ್ಯದ ರಾಜ್ಯಗಳಿಂದಲೂ ವಿದ್ಯಾರ್ಥಿಗಳು ಬರುತ್ತಿದ್ದಾರೆ. ಅವರು ಬಾಡಿಗೆಗೆ ಕೋಣೆ ಕೇಳಿದಾಗ ನಾವು ಮೊದಲು ನೋಡುವುದು ಮುಖವನ್ನೋ, ಜಾತಿಯನ್ನೋ, ಉಣ್ಣುವ ಆಹಾರವನ್ನೋ? ನಮ್ಮ ಮಗನಿಗೆ ಜರ್ಮನಿಯಲ್ಲಿ ಬಾಗಿಲು ತೆರೆಯಲೆಂದು ಹಾರೈಸುವ ನಾವು ನಮ್ಮ ಬಾಗಿಲಿಗೆ ಅಗುಳಿ ಹಾಕಿ ಕೂತರೆ ಆ ಹಾರೈಕೆಗೆ ಬೆಲೆಯೇನು?

ತಾಯಿ, ನಿಮ್ಮ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ. ನಿಮ್ಮ ಮನೆಗೆ ಬಂದ ಪರರ ಮಗನನ್ನು ನೀವು ಹೇಗೆ ನೋಡಿಕೊಳ್ಳುತ್ತಿದ್ದಿರೋ ಹಾಗೆ ನೋಡಿಕೊಳ್ಳುವ ತಾಯಂದಿರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಅವರ ಮನಸ್ಸನ್ನು ಉಳಿಸಿಕೊಳ್ಳುವುದು ನಿಮ್ಮ ಮಗನ ಕೈಯಲ್ಲಿದೆ. ನಂಜುಂಡೇಶ್ವರನು ಅವನನ್ನು ಕಾಪಾಡಲಿ ಎಂದು ಹಾರೈಸಿ ನಮ್ಮ ಮಾತನ್ನು ಮುಗಿಸುತ್ತೇವೆ.