ಶಾಂತಿನಿಕೇತನ ಸೇರಿಸಿಕೊಂಡ ಮಕ್ಕಳು



ಹಾಸ್ಟೆಲಿನ ಅನ್ನ ಉಂಡು ಓದಿದವರೇ ಹೆಚ್ಚಾಗಿರುವ ಈ ಸಭೆಯಲ್ಲಿ ವಸತಿ ಶಾಲೆಯೊಂದರ ಹಳೆಯ ವಿದ್ಯಾರ್ಥಿಗಳ ಬಗ್ಗೆ ಮಾತಾಡಬೇಕೆಂದು ಕೇಳಿದ್ದೀರಿ. ಇಂಥ ಮಾತು ಸಾಮಾನ್ಯವಾಗಿ ಇಷ್ಟು ಮಂತ್ರಿಗಳು, ಇಷ್ಟು ಐಎಎಸ್ ಅಧಿಕಾರಿಗಳು ಎಂಬ ಪಟ್ಟಿಯಲ್ಲಿ ಮುಗಿದುಹೋಗುತ್ತದೆ. ಹೊರಗೆ ಹೋದವರ ಹುದ್ದೆ ನೋಡಿ ಶಾಲೆಯ ಬೆಲೆ ಕಟ್ಟುವುದು ನನಗೆ ಒಪ್ಪಿಗೆಯಿಲ್ಲ. ಬಾಗಿಲಲ್ಲಿ ನಿಂತ ಮಕ್ಕಳಲ್ಲಿ ಯಾರನ್ನು ಒಳಗೆ ಕರೆದುಕೊಂಡರು, ಕರೆದುಕೊಂಡ ಮೇಲೆ ಎಷ್ಟು ತಾಳ್ಮೆಯಿಂದ ಕಾದರು ಎಂದು ಕೇಳಬೇಕು. ಈ ಪ್ರಶ್ನೆ ಇಟ್ಟುಕೊಂಡು ಶಾಂತಿನಿಕೇತನದ ಕಡೆ ನೋಡೋಣ.

1901ರ ಡಿಸೆಂಬರಿನಲ್ಲಿ ರವೀಂದ್ರನಾಥ ಠಾಕೂರರು ಬೋಲ್ಪುರದ ಹತ್ತಿರ ಬ್ರಹ್ಮಚರ್ಯಾಶ್ರಮ ಎಂಬ ಹೆಸರಿನಲ್ಲಿ ಈ ಶಾಲೆ ತೆರೆದಾಗ ಇದ್ದ ಮಕ್ಕಳು ಐವರು. ಅವರಲ್ಲೊಬ್ಬ ಸ್ವಂತ ಮಗ ರಥೀಂದ್ರನಾಥ. ಶಾಲೆಯ ಖರ್ಚಿಗೆ ಪತ್ನಿ ಮೃಣಾಲಿನೀ ದೇವಿಯವರ ಒಡವೆಗಳು ಹೋದವು. ಮರದ ನೆರಳಿನ ತರಗತಿಗಳ ಚಿತ್ರ ನಮಗೆಲ್ಲ ಪರಿಚಿತ. ಆದರೆ ಮೊದಲ ವರ್ಷಗಳಲ್ಲಿ ಅಲ್ಲಿ ಬ್ರಾಹ್ಮಣ ಮಕ್ಕಳಿಗೆ ಊಟದ ಪಂಕ್ತಿ ಬೇರೆ ಇತ್ತು. ಬ್ರಾಹ್ಮಣರಲ್ಲದ ಮೇಷ್ಟರ ಕಾಲಿಗೆ ಆ ಹುಡುಗರು ನಮಸ್ಕರಿಸಬಹುದೇ ಎಂಬ ಪ್ರಶ್ನೆ ಎದ್ದಾಗ ಠಾಕೂರರೂ ಸಂಪ್ರದಾಯದ ಕಡೆಗೇ ವಾಲಿದರು. ಮುಂದೆ ಅವರು ಬದಲಾದರು, ಶಾಲೆಯೂ ಬದಲಾಯಿತು. ಇದನ್ನು ಮುಚ್ಚಿಡಬಾರದು. ಆ ಬಾಗಿಲು ಹುಟ್ಟುವಾಗಲೇ ಅಗಲವಾಗಿರಲಿಲ್ಲ. ವರ್ಷಗಟ್ಟಲೆ ದುಡಿದು ಅಗಲ ಮಾಡಿದ್ದು.

ಉಳ್ಳವರ ಮಕ್ಕಳು ಐಸಿಎಸ್‌ಗೆ, ಬ್ಯಾರಿಸ್ಟರಿಗೆ ಎಂದು ಲಂಡನ್ನಿನ ಹಡಗು ಹತ್ತುತ್ತಿದ್ದ ಕಾಲದಲ್ಲಿ, 1906ರಲ್ಲಿ, ರಥೀಂದ್ರನಾಥ ಮತ್ತು ಸಹಪಾಠಿ ಸಂತೋಷಚಂದ್ರ ಮಜುಂದಾರ್ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಹೋದರು. ಓದಿದ್ದು ಬೇಸಾಯ. 1922ರಲ್ಲಿ ಸುರುಲ್‌ನಲ್ಲಿ ಶುರುವಾದ ಗ್ರಾಮೋದ್ಧಾರದ ಕೆಲಸಕ್ಕೆ, ಅಂದರೆ ಶ್ರೀನಿಕೇತನಕ್ಕೆ, ಇಬ್ಬರೂ ಕೈಜೋಡಿಸಿದರು.

ಶಾಂತಿನಿಕೇತನದ ಪಟ್ಟಿಗಳಲ್ಲಿ ಇಂದಿರಾ ಗಾಂಧಿಯವರ ಹೆಸರು ಮೇಲೆಯೇ ಇರುತ್ತದೆ. 1934ರಲ್ಲಿ ಬಂದ ಅವರು ತಾಯಿಯ ಕಾಯಿಲೆಯಿಂದಾಗಿ ಮರುವರ್ಷವೇ ಹೊರಟರು. ಸತ್ಯಜಿತ್ ರಾಯ್ ಅಲ್ಲಿನ ಕಲಾಶಾಲೆಯಾದ ಕಲಾಭವನಕ್ಕೆ ಬಂದದ್ದು ಪದವಿ ಮುಗಿಸಿದ ಮೇಲೆ. ಇವರನ್ನೂ ಶಾಲೆಯೇ ತಯಾರು ಮಾಡಿತೆಂದರೆ ಅತಿಯಾಗುತ್ತದೆ.

ನನ್ನ ಪಟ್ಟಿಯಲ್ಲಿ ಮೊದಲ ಹೆಸರು ವಿನೋದ ಬಿಹಾರಿ ಮುಖರ್ಜಿಯವರದು. 1904ರಲ್ಲಿ ಹುಟ್ಟಿದ ಈ ಮಗುವಿಗೆ ಒಂದು ಕಣ್ಣು ಕಾಣದು, ಇನ್ನೊಂದರಲ್ಲಿ ಹತ್ತಿರದ್ದು ಮಾತ್ರ ಮಸುಕಾಗಿ ಕಾಣುತ್ತಿತ್ತು. ಜೊತೆಗೆ ಕಾಯಿಲೆ. ಕಲ್ಕತ್ತೆಯಲ್ಲಿ ಓದು ನೆಟ್ಟಗೆ ಸಾಗಲಿಲ್ಲ. 1917ರಲ್ಲಿ ಶಾಂತಿನಿಕೇತನ ಸೇರಿಸಿಕೊಂಡಿತು. ಎರಡು ವರ್ಷದ ನಂತರ ಹುಡುಗ ಕಲಾಭವನದಲ್ಲಿ ಕೂತಾಗ, ಇಷ್ಟು ಮಂದ ದೃಷ್ಟಿಯವನು ಚಿತ್ರ ಬರೆಯುವುದು ಹೇಗೆಂದು ಗುರು ನಂದಲಾಲ್ ಬೋಸರಿಗೇ ಅನುಮಾನ. ಮನಸ್ಸಿಟ್ಟು ಕೆಲಸ ಮಾಡುತ್ತಿದ್ದರೆ ಬಿಡಿ, ಮುಂದಿನದನ್ನು ಈಗಲೇ ಯೋಚಿಸಬೇಡಿ ಎಂಬರ್ಥದ ಮಾತನ್ನು ಠಾಕೂರರು ಹೇಳಿದರು. ಹುಡುಗ ಉಳಿದ. 1946–47ರಲ್ಲಿ ಅಲ್ಲಿನ ಹಿಂದಿ ಭವನದ ಗೋಡೆಗಳ ಮೇಲೆ ಕಬೀರ, ಸೂರದಾಸ, ತುಲಸೀದಾಸರು ಸಾಗಿಬರುವ, ಮಧ್ಯಯುಗದ ಸಂತರ ಭಿತ್ತಿಚಿತ್ರ ಬರೆದವರು ಅವರೇ. ಗೋಡೆಯಷ್ಟೇ ಅಳತೆಯ ನಕ್ಷೆಯೊಂದನ್ನು ಮೊದಲೇ ಮಾಡಿಕೊಳ್ಳದೆ ನೇರವಾಗಿ ಬರೆದದ್ದು. 1957ರಲ್ಲಿ, ಪೊರೆಯ ಶಸ್ತ್ರಚಿಕಿತ್ಸೆಯ ಬಳಿಕ, ಇದ್ದ ಅಷ್ಟಿಷ್ಟು ದೃಷ್ಟಿಯೂ ಹೋಯಿತು. ಆಮೇಲೂ ಕಾಗದ ಕತ್ತರಿಸಿ ಚಿತ್ರ ಮಾಡಿದರು, ಕಲಾಭವನದಲ್ಲಿ ಪಾಠ ಹೇಳಿದರು, ಹೆಂಚುಗಳ ಭಿತ್ತಿಚಿತ್ರ ಕಟ್ಟಿಸಿದರು. ಶಿಷ್ಯ ಸತ್ಯಜಿತ್ ರಾಯ್ 1972ರಲ್ಲಿ ಅವರ ಮೇಲೆ ಸಾಕ್ಷ್ಯಚಿತ್ರ ತೆಗೆದರು.

ಇನ್ನು ನಮ್ಮ ಕಡೆ ನೋಡಿದರೆ, ಕರ್ನಾಟಕದ ಮೊರಾರ್ಜಿ ದೇಸಾಯಿ ವಸತಿ ಶಾಲೆಗಳು ಬಡವರ ಮಕ್ಕಳಿಗೆ ದೊಡ್ಡ ದಾರಿಯನ್ನೇ ತೆರೆದಿವೆ. ಆರನೇ ತರಗತಿಗೆ ಪ್ರವೇಶ ಪರೀಕ್ಷೆ ನಡೆಯುತ್ತದೆ, ಮಕ್ಕಳು ಹೆಚ್ಚು, ಸೀಟು ಕಡಿಮೆ. ಪರೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ಆ ದಿನ ಪ್ರಶ್ನೆಪತ್ರಿಕೆಯನ್ನು ಕಣ್ಣಿಗೆ ಅಂಟಿಸಿಕೊಂಡು ಓದುವ ಮಗುವನ್ನು ಗುರುತಿಸುವ ಒಬ್ಬ ಮೇಷ್ಟರಾದರೂ ಕೊಠಡಿಯಲ್ಲಿರಬೇಕು.

ಶಾಂತಿನಿಕೇತನಕ್ಕೆ ಹೆಣ್ಣುಮಕ್ಕಳೂ ಬಂದರು. ಅಲ್ಲಿನ ಅಧ್ಯಾಪಕ ಕ್ಷಿತಿಮೋಹನ ಸೇನರ ಮಗಳು ಅಮಿತಾ, ಠಾಕೂರರ ನೃತ್ಯನಾಟಕಗಳಲ್ಲಿ ರಂಗವೇರಿದರು, ಜೂಡೋ ಕಲಿತರು. ಹತ್ತು ವರ್ಷದ ಹುಡುಗಿಯಾಗಿ 1936ರಲ್ಲಿ ಬಂದ ಮಹಾಶ್ವೇತಾ ದೇವಿ ಮುಂದೆ ಕಾದಂಬರಿಕಾರ್ತಿಯಾದರು, ಶಬರ ಸಮುದಾಯದ ಹಕ್ಕುಗಳಿಗಾಗಿ ಊರೂರು ಅಲೆದರು.

ಅಮಿತಾ ಅವರ ಮಗ ಅಮರ್ತ್ಯ ಸೇನ್. ಯುದ್ಧದ ಭಯದಲ್ಲಿ 1941ರಲ್ಲಿ ಢಾಕಾದಿಂದ ಅಜ್ಜನ ಮನೆಗೆ ಬಂದು ಇದೇ ಶಾಲೆ ಸೇರಿದರು. 1943ರ ಬಂಗಾಳದ ಕ್ಷಾಮದಲ್ಲಿ ಹಸಿದವರು ಶಾಂತಿನಿಕೇತನದ ಮೇಲೆ ಹಾದು ಕಲ್ಕತ್ತೆಯ ಕಡೆ ನಡೆದರು. ಕೇಳಿಬಂದ ಕುಟುಂಬಕ್ಕೆ ಒಂದು ಸಿಗರೇಟ್ ಡಬ್ಬಿ ಅಕ್ಕಿ ಕೊಡಲು ಅಜ್ಜ ಒಪ್ಪಿಗೆ ಕೊಟ್ಟಿದ್ದರು. ಒಂಬತ್ತು ವರ್ಷದ ಹುಡುಗ ಆ ಡಬ್ಬಿಯಲ್ಲಿ ಅಕ್ಕಿ ಅಳೆದುಕೊಟ್ಟ. ತನಗೆ ಪರಿಚಯವಿದ್ದ ಯಾವ ಮನೆಯಲ್ಲೂ ಹಸಿವಿಲ್ಲ, ಸಾಯುತ್ತಿರುವವರೆಲ್ಲ ಭೂಮಿಯಿಲ್ಲದ ಕೂಲಿಗಳು ಎಂಬುದು ಆತನ ಮನಸ್ಸಿನಲ್ಲಿ ನಿಂತಿತು. ಶಾಲೆಯಲ್ಲಿ ದೊಡ್ಡ ಹುಡುಗರಾದಾಗ ಅಮರ್ತ್ಯರೂ ಗೆಳೆಯರೂ ಸುತ್ತಲಿನ ಆದಿವಾಸಿ ಹಳ್ಳಿಗಳ ಮಕ್ಕಳಿಗೆ ಸಂಜೆ ಶಾಲೆ ನಡೆಸಿದರು. ಧಾನ್ಯ ಇದ್ದೂ ಕೊಳ್ಳುವ ಶಕ್ತಿ ಇಲ್ಲದವರು ಹೇಗೆ ಸಾಯುತ್ತಾರೆಂದು ಸೇನ್ 1981ರ ಗ್ರಂಥದಲ್ಲಿ ವಿವರಿಸಿದರು. 1998ರಲ್ಲಿ ನೊಬೆಲ್ ಬಂತು.

ಇನ್ನೊಬ್ಬರ ಮಾತು ಹೇಳಿ ಮುಗಿಸುತ್ತೇನೆ. ಆಶ್ರಮದ ಆರಂಭದ ವರ್ಷಗಳ ವಿದ್ಯಾರ್ಥಿ ಸುಧಿರಂಜನ ದಾಸ್ 1956ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿಯಾದರು. ಕೇರಳದ ಶಿಕ್ಷಣ ಮಸೂದೆಯ ಬಗ್ಗೆ ರಾಷ್ಟ್ರಪತಿಗಳು ಸುಪ್ರೀಂ ಕೋರ್ಟಿನ ಅಭಿಪ್ರಾಯ ಕೇಳಿದಾಗ ಅದನ್ನು ಬರೆದವರು ಅವರೇ, 1958ರಲ್ಲಿ. ಅಲ್ಪಸಂಖ್ಯಾತರು ತಮಗೆ ಬೇಕಾದ ಶಾಲೆ ಕಟ್ಟಿ ನಡೆಸುವ ಹಕ್ಕನ್ನು, ಅನುದಾನಕ್ಕೆ ಷರತ್ತು ಹಾಕುವ ನೆಪದಲ್ಲಿ, ಸರ್ಕಾರ ಕಸಿಯುವಂತಿಲ್ಲ ಎಂಬುದು ಅದರ ಸಾರ. ಯಾರನ್ನೂ ಹಿಂದಕ್ಕೆ ಕಳಿಸದ ಭಾರತದ ಬಗ್ಗೆ ಠಾಕೂರರು ಬರೆದ ಪದ್ಯದ ಸಾಲುಗಳನ್ನು ಆ ಅಭಿಪ್ರಾಯದೊಳಗೇ ಉದ್ಧರಿಸಿದರು. ಬ್ರಾಹ್ಮಣ ಪಂಕ್ತಿ ಬೇರೆಯಾಗಿದ್ದ ಶಾಲೆಯ ಹಳೆಯ ಹುಡುಗ ಬರೆದದ್ದು ಇದು. 1959ರಲ್ಲಿ ನಿವೃತ್ತರಾಗಿ, ಆ ಶಾಲೆಯಿಂದಲೇ ಬೆಳೆದ ವಿಶ್ವಭಾರತಿ ವಿಶ್ವವಿದ್ಯಾಲಯದ ಕುಲಪತಿಯಾಗಿ ಅವರು ಶಾಂತಿನಿಕೇತನಕ್ಕೇ ಮರಳಿದರು. 1965ರವರೆಗೆ ಅದನ್ನು ನಡೆಸಿದರು.