ಲೆಕ್ಕದ ಪುಸ್ತಕ ಮೋಡಕ್ಕೇರಿದ ಮೇಲೆ
(ಸಂಘದ ಸಭೆಯಲ್ಲಿ ಮಾಡಿದ ಭಾಷಣ)



ಹಿಂದೆ ಹೋಟೆಲಿನ ಗಲ್ಲೆಯ ಮೇಲೆ ಕಿರ್ದಿ ಪುಸ್ತಕವಿರುತ್ತಿತ್ತು, ಗಿರಣಿಯಲ್ಲಿ ಹಾಜರಿಯ ಮಸ್ಟರ್ ಇರುತ್ತಿತ್ತು. ರಾತ್ರಿ ಅದನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರೆ ಲೆಕ್ಕ ಭದ್ರ. ಈಗ ಬಿಲ್ಲು, ಹಾಜರಿ, ಪಗಾರ, ನಮ್ಮ ಆಧಾರ್ ಪ್ರತಿ, ಬ್ಯಾಂಕ್ ಖಾತೆಯ ಸಂಖ್ಯೆ ಎಲ್ಲವೂ ‘ಕ್ಲೌಡ್’ನಲ್ಲಿವೆ ಎನ್ನುತ್ತಾರೆ. ಕ್ಲೌಡ್ ಎಂದರೆ ಮೋಡ. ಆದರೆ ಆಕಾಶದಲ್ಲಿ ಏನೂ ಇಲ್ಲ ಬಂಧುಗಳೇ. ಬೇರೆ ಕಂಪನಿಯ ಕಟ್ಟಡದಲ್ಲಿ, ಆ ಕಂಪನಿಯ ಕಂಪ್ಯೂಟರುಗಳಲ್ಲಿ ಮಾಲಿಕರು ಬಾಡಿಗೆಗೆ ಪಡೆದ ಜಾಗವೇ ಈ ಮೋಡ.

ಚಾಳಿನ ಪದ್ಧತಿ ನಮಗೆಲ್ಲ ಗೊತ್ತು. ಗೇಟು, ಗೋಡೆ, ಮಾಡು ಚಾಳಿನ ಯಜಮಾನನ ಹೊಣೆ. ಕೋಣೆಯ ಬೀಗ ಬಾಡಿಗೆದಾರನ ಹೊಣೆ. ಕ್ಲೌಡಿನ ಕರಾರೂ ಹೀಗೆಯೇ. 2019ರಲ್ಲಿ ಅಮೆರಿಕದ ಕ್ಯಾಪಿಟಲ್ ಒನ್ ಬ್ಯಾಂಕಿನಿಂದ ಸುಮಾರು 10 ಕೋಟಿ 60 ಲಕ್ಷ ಜನರ ಮಾಹಿತಿ ಕಳುವಾಯಿತು. ಅದು ಇದ್ದದ್ದು ಅಮೆಜಾನ್ ಕಂಪನಿಯ ಕ್ಲೌಡಿನಲ್ಲಿ. ಆದರೆ ಕಳ್ಳತನಕ್ಕೆ ದಾರಿಯಾದದ್ದು ಬ್ಯಾಂಕಿನ ಪಾಲಿನ ಫೈರ್‌ವಾಲ್. ಅದನ್ನು ಸರಿಯಾಗಿ ಜೋಡಿಸಿರಲಿಲ್ಲ. 2020ರಲ್ಲಿ ಬ್ಯಾಂಕು 8 ಕೋಟಿ ಡಾಲರ್ ದಂಡ ತೆರಬೇಕಾಯಿತು.

2014ರಲ್ಲಿ ಕೋಡ್ ಸ್ಪೇಸಸ್ ಎಂಬ ಕಂಪನಿಯ ಕ್ಲೌಡಿನ ಕೀಲಿಕೈ ಕಳ್ಳನ ಕೈಸೇರಿತು. ಹಣ ಕೇಳಿದ, ಸಿಗಲಿಲ್ಲ. ಮೂಲ ಕಡತಗಳನ್ನೂ ಅವುಗಳ ನಕಲುಗಳನ್ನೂ ಬಹುಪಾಲು ಅಳಿಸಿಹಾಕಿದ. ಎರಡಕ್ಕೂ ಒಂದೇ ಕೀಲಿಕೈ! ಕಂಪನಿ ಬಾಗಿಲು ಮುಚ್ಚಿತು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದು ಅಂತಸ್ತಿನ ದತ್ತಾಂಶ ಕೇಂದ್ರ ಸುಟ್ಟುಹೋಯಿತು. ಬೇರೆ ಕಡೆ ನಕಲು ಇಡದಿದ್ದ ಗಿರಾಕಿಗಳ ಲೆಕ್ಕಪತ್ರ ಬೂದಿಯ ಜತೆ ಹೋಯಿತು.

ಇದು ಮಾಲಿಕರ ಚಿಂತೆ, ನಮಗೇನು ಎಂದು ಕೆಲವರು ಕೇಳಬಹುದು. ಗಲ್ಲೆಯ ಕಂಪ್ಯೂಟರನ್ನು ನೋಡಿರಿ. ಎಷ್ಟೋ ಕಡೆ ಎಲ್ಲರಿಗೂ ಒಂದೇ ಪಾಸ್‌ವರ್ಡ್. ಮ್ಯಾನೇಜರಿಗೂ ಗೊತ್ತು, ಕ್ಯಾಷಿಯರಿಗೂ ಗೊತ್ತು, ಮಾಣಿಗೂ ಗೊತ್ತು, ಕೆಲಸ ಬಿಟ್ಟು ಊರಿಗೆ ಹೋದವನಿಗೂ ಗೊತ್ತು. ನಾಳೆ ಯಾರೋ ಬಿಲ್ಲು ಅಳಿಸಿ ಹಣ ಹೊಡೆದರೆ, ಅಳಿಸಿದ ಕೈ ಯಾರದೆಂದು ಯಂತ್ರ ಹೇಳಲಾರದು. ಅದಕ್ಕೆ ಗೊತ್ತಿರುವುದು ಒಂದೇ ಹೆಸರು. ಆಗ ಮೊದಲು ಜೇಬು ತಡಕಿಸಿಕೊಳ್ಳುವವನು, ಪಗಾರ ಮುರಿಸಿಕೊಳ್ಳುವವನು ನಮ್ಮವನೇ. ಹಾಜರಿ ಅಳಿಸಿಹೋದರೆ ದುಡಿದ ದಿನಕ್ಕೂ ಸಾಕ್ಷಿ ಇಲ್ಲ. ಆಧಾರ್ ಪ್ರತಿ ಹೊರಬಿದ್ದರೆ ನಮ್ಮ ಹೆಸರಿನಲ್ಲಿ ಮೋಸ ಮಾಡುವವರಿಗೆ ಸುಗ್ಗಿ.

ಆದ್ದರಿಂದ ಸಂಘದ ಪರವಾಗಿ ಮಾಲಿಕರ ಮುಂದೆ ಐದು ಮಾತು ಇಡೋಣ:

1. ಗಲ್ಲೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬನಿಗೂ ಅವನದೇ ಹೆಸರು, ಅವನದೇ ಪಾಸ್‌ವರ್ಡ್ ಇರಲಿ.
2. ಪಾಸ್‌ವರ್ಡಿನ ಜತೆಗೆ ಮೊಬೈಲಿನಿಂದ ಬರುವ ಎರಡನೆಯ ಬೀಗವೂ ಇರಲಿ. 2024ರಲ್ಲಿ ಸ್ನೋಫ್ಲೇಕ್ ಎಂಬ ಕಂಪನಿಯ ಗಿರಾಕಿಗಳ ಖಾತೆಗಳಿಗೆ ಕದ್ದ ಪಾಸ್‌ವರ್ಡಿನಿಂದ ಕಳ್ಳರು ನುಗ್ಗಿದ್ದು, ಈ ಎರಡನೆಯ ಬೀಗ ಇಲ್ಲದ್ದರಿಂದ.
3. ಕೆಲಸ ಬಿಟ್ಟವನ ಪ್ರವೇಶವನ್ನು ಅದೇ ದಿನ ಮುಚ್ಚಲಿ. ಅವನ ಮೇಲೂ ಮುಂದೆ ಅಪವಾದ ಬಾರದು.
4. ಲೆಕ್ಕದ ಒಂದು ನಕಲು ಬೇರೆ ಜಾಗದಲ್ಲಿ, ಬೇರೆ ಕೀಲಿಕೈಯಲ್ಲಿ ಇರಲಿ.
5. ಹಾಜರಿ ಮತ್ತು ಪಗಾರದ ಚೀಟಿ ಪ್ರತಿ ತಿಂಗಳೂ ಕಾಗದದಲ್ಲಿ ನಮ್ಮ ಕೈಗೆ ಬರಲಿ.

ಇದರಲ್ಲಿ ಮಾಲಿಕರಿಗೆ ನಷ್ಟವಿಲ್ಲ. ಹಂತಹಂತವಾಗಿ ಜಾರಿಗೆ ಬರುವಂತೆ 2023ರಲ್ಲಿ ಮಾಡಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯಲ್ಲಿ, ಜನರ ಮಾಹಿತಿಗೆ ತಕ್ಕ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡವಿದೆ. ಕ್ಲೌಡ್ ಕಂಪನಿಯ ಕಡೆ ಬೆರಳು ತೋರಿಸಿ ಮಾಲಿಕರು ನುಣುಚಿಕೊಳ್ಳುವಂತಿಲ್ಲ.

ಬಂಧುಗಳೇ, ನಾಳೆಯೇ ಒಂದು ಕೆಲಸ ಮಾಡಿರಿ. ಗಲ್ಲೆಯ ಗೋಡೆಗೆ ಪಾಸ್‌ವರ್ಡಿನ ಚೀಟಿ ಅಂಟಿಸಿದ್ದರೆ ಮ್ಯಾನೇಜರಿಗೆ ತೋರಿಸಿ, ಬದಲಾಯಿಸಲು ಹೇಳಿರಿ. ಒಬ್ಬನೇ ಹೇಳಲು ಅಂಜಿಕೆಯಾದರೆ ನಾಲ್ವರು ಕೂಡಿ ಹೇಳಿರಿ. ಸಂಘ ನಿಮ್ಮ ಬೆನ್ನಿಗಿದೆ.