ಗೊಂತಿನ ಮೇವು ಕೆಚ್ಚಲಿನಲ್ಲಿ ಹಾಲಾಗುವ ಬಗೆ

(ಎಚ್.ಡಿ. ಕೋಟೆ ಸೀಮೆಯ ಎನ್. ಬೇಗೂರಿನಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನೀಡಿದ ಉಪನ್ಯಾಸ)



ಬೇಸಿಗೆ ಬಂತೆಂದರೆ ಡೈರಿಯ ಮುಂದೆ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ: “ಜಿಡ್ಡು ಬಂತು, ಡಿಗ್ರಿ ಬರಲಿಲ್ಲ.” ಒಂದು ಹನಿ ನೀರು ಬೆರೆಸದ ಸದಸ್ಯರಿಗೂ ಎಸ್.ಎನ್.ಎಫ್. ಕಡಿಮೆಯಾಗಿ ದರ ಇಳಿದಾಗ ಬೇಸರವಾಗುವುದು ಸಹಜ. ಪರೀಕ್ಷಕರ ಮೇಲೆ ಸದಸ್ಯರಿಗೆ, ಸದಸ್ಯರ ಮೇಲೆ ಪರೀಕ್ಷಕರಿಗೆ ಅನುಮಾನ ಹುಟ್ಟಿ ಸಂಘದ ಒಗ್ಗಟ್ಟಿಗೇ ಧಕ್ಕೆಯಾಗುತ್ತದೆ. ಆದ್ದರಿಂದ ಹಾಲಿನಲ್ಲಿರುವ ವಸ್ತುಗಳು ಎಲ್ಲಿ, ಹೇಗೆ, ಯಾವುದರಿಂದ ತಯಾರಾಗುತ್ತವೆ ಎಂಬುದನ್ನು ಪ್ರತಿಯೊಬ್ಬ ಉತ್ಪಾದಕನೂ ತಿಳಿದಿರುವುದು ಒಳ್ಳೆಯದು.

ಹಸುವಿನ ಹಾಲಿನಲ್ಲಿ ಶೇ. 87ರಷ್ಟು ನೀರು. ಉಳಿದದ್ದು ಜಿಡ್ಡು, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್, ಸಸಾರಜನಕ ಮತ್ತು ಖನಿಜಗಳು. ಜಿಡ್ಡನ್ನು ಬಿಟ್ಟು ಉಳಿದ ಘನಾಂಶವೇ ನಾವು ಹೇಳುವ ಎಸ್.ಎನ್.ಎಫ್. ಲ್ಯಾಕ್ಟೋಸ್ ಆಗಲಿ, ಹಾಲಿನ ಮುಖ್ಯ ಸಸಾರಜನಕವಾದ ಕೇಸೀನ್ ಆಗಲಿ ಮೇವಿನಲ್ಲಿ ಇಲ್ಲ. ರಕ್ತದಲ್ಲೂ ಸಿದ್ಧವಾಗಿ ಬರುವುದಿಲ್ಲ. ಕೆಚ್ಚಲಿನ ಜೀವಕೋಶಗಳೇ ಅವನ್ನು ಕಟ್ಟಬೇಕು. ಜೀವಕೋಶವು ಕಣ್ಣಿಗೆ ಕಾಣದಷ್ಟು ಸಣ್ಣದು. ಆದರೂ ಅದೊಂದು ಪೂರ್ಣ ಕಾರ್ಖಾನೆ. ಕಚ್ಚಾಮಾಲು ರಕ್ತದಿಂದ ಬರಬೇಕು. ಒಂದು ಲೀಟರ್ ಹಾಲು ತಯಾರಾಗಲು ಸುಮಾರು 400ರಿಂದ 500 ಲೀಟರ್ ರಕ್ತ ಕೆಚ್ಚಲಿನ ಮೂಲಕ ಹಾದುಹೋಗುತ್ತದೆ.

ಈ ಕಚ್ಚಾಮಾಲಿನ ಮೊದಲ ತಯಾರಿ ನಡೆಯುವುದು ಹಸುವಿನ ದೊಡ್ಡ ಹೊಟ್ಟೆಯಲ್ಲಿ. ಅಲ್ಲಿನ ಒಂದು ಮಿಲಿಲೀಟರ್ ರಸದಲ್ಲಿ ನೂರು ಕೋಟಿಗೂ ಹೆಚ್ಚು ಸೂಕ್ಷ್ಮಜೀವಿಗಳಿರುತ್ತವೆ. ನಮಗೆ ಜೀರ್ಣವಾಗದ ಹುಲ್ಲಿನ ನಾರನ್ನು ಇವು ಕೊಳೆಸಿ ಸಣ್ಣ ಆಮ್ಲಗಳನ್ನಾಗಿ ಮಾಡುತ್ತವೆ. ಅವುಗಳಲ್ಲಿ ಅಸಿಟಿಕ್ ಆಮ್ಲ ಮತ್ತು ಪ್ರೊಪಿಯಾನಿಕ್ ಆಮ್ಲ ಮುಖ್ಯವಾದವು.

ಮೊದಲು ಜಿಡ್ಡಿನ ವಿಚಾರ. ವಿನಿಗರ್‌ನಲ್ಲಿರುವುದೂ ಅಸಿಟಿಕ್ ಆಮ್ಲವೇ. ಅದರ ಅಣುವಿನಲ್ಲಿ ಇಂಗಾಲದ ಎರಡು ಪರಮಾಣುಗಳು ಮಾತ್ರ. ಕೆಚ್ಚಲಿನ ಜೀವಕೋಶವು ಎರಡೆರಡು ಇಂಗಾಲವನ್ನು ಕೊಂಡಿಯಂತೆ ಸೇರಿಸುತ್ತಾ ಹೋಗಿ ಉದ್ದನೆಯ ಕೊಬ್ಬಿನ ಸರಪಳಿ ಮಾಡುತ್ತದೆ. ಹಾಲಿನ ಜಿಡ್ಡಿನಲ್ಲಿ ಸರಿಸುಮಾರು ಅರ್ಧ ಭಾಗ ಹೀಗೆ ಹುಟ್ಟಿದ್ದು. ಉಳಿದರ್ಧ ರಕ್ತದಲ್ಲಿನ ಕೊಬ್ಬಿನಿಂದ ಬರುತ್ತದೆ. ಅಸಿಟಿಕ್ ಆಮ್ಲ ಹೆಚ್ಚಾಗಿ ದೊರೆಯುವುದು ನಾರಿನಿಂದ. ಆದ್ದರಿಂದಲೇ ಒಣ ಹುಲ್ಲು ತಿಂದ ಹಸುವಿನ ಹಾಲಿಗೆ ಜಿಡ್ಡು ಬರುತ್ತದೆ. ಹುಲ್ಲು ಕಡಿಮೆ ಮಾಡಿ ಬರೀ ಜೋಳದ ನುಚ್ಚು, ಹಿಟ್ಟು ಸುರಿದರೆ ಹೊಟ್ಟೆ ಹುಳಿಯಾಗಿ ಜಿಡ್ಡು ಬೀಳುತ್ತದೆ.

ಎರಡನೆಯದು ಹಾಲಿನ ಸಕ್ಕರೆ. ಕಾಳು, ಪಶು ಆಹಾರದಲ್ಲಿನ ಪಿಷ್ಟದಿಂದ ಪ್ರೊಪಿಯಾನಿಕ್ ಆಮ್ಲ ಹೆಚ್ಚಾಗಿ ದೊರೆಯುತ್ತದೆ. ಹಸುವಿನ ಪಿತ್ತಜನಕಾಂಗ ಅದನ್ನು ಗ್ಲೂಕೋಸ್ ಆಗಿ ಬದಲಾಯಿಸುತ್ತದೆ. ಕೆಚ್ಚಲಿನ ಜೀವಕೋಶವು ಗ್ಲೂಕೋಸಿನ ಒಂದು ಪಾಲನ್ನು ಗ್ಯಾಲಕ್ಟೋಸ್ ಎಂಬ ಇನ್ನೊಂದು ಸಕ್ಕರೆಯಾಗಿ ಮಾರ್ಪಡಿಸಿ, ಎರಡನ್ನೂ ಜೋಡಿಸಿ ಲ್ಯಾಕ್ಟೋಸ್ ಮಾಡುತ್ತದೆ. ಉಪ್ಪು ಹಾಕಿದ ಮಾವಿನಕಾಯಿ ನೀರು ಬಿಡುವುದನ್ನು ತಾಯಂದಿರು ನೋಡಿದ್ದೀರಿ. ಹಾಗೆಯೇ ಲ್ಯಾಕ್ಟೋಸ್ ರಕ್ತದಿಂದ ನೀರನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಎಷ್ಟು ಲ್ಯಾಕ್ಟೋಸ್ ತಯಾರಾಯಿತೋ ಅಷ್ಟಕ್ಕೆ ತಕ್ಕ ನೀರು. ಹೀಗಾಗಿ ಹಾಲಿನಲ್ಲಿ ಲ್ಯಾಕ್ಟೋಸಿನ ಶೇಕಡಾ ಪ್ರಮಾಣ ಹೆಚ್ಚು ಬದಲಾಗುವುದಿಲ್ಲ. ಗ್ಲೂಕೋಸ್ ಕೊರತೆಯಾದರೆ ಹಾಲಿನ ಲೀಟರೇ ಕಡಿಮೆಯಾಗುತ್ತದೆ.

ಮೂರನೆಯದು ಸಸಾರಜನಕ. ಎಸ್.ಎನ್.ಎಫ್. ಏರಿಳಿತದ ಗುಟ್ಟು ಹೆಚ್ಚಾಗಿ ಇಲ್ಲಿದೆ. ಹಸುವಿನ ಹಾಲಿನ ಸಸಾರಜನಕದಲ್ಲಿ ಶೇ. 80ರಷ್ಟು ಕೇಸೀನ್. ಅದರಲ್ಲೂ ಕೆಲವು ವಿಧಗಳುಂಟು. ಒಂದು ವಿಧದ ಕೇಸೀನ್ ಅಣುವಿನಲ್ಲಿ 199 ಅಮೈನೋ ಆಮ್ಲಗಳು ಸಾಲಾಗಿ ಪೋಣಿಸಿಕೊಂಡಿರುತ್ತವೆ. ಇನ್ನೊಂದರಲ್ಲಿ 209. ಯಾವುದರ ನಂತರ ಯಾವುದು ಎಂಬ ಕ್ರಮವು ಜೀವಕೋಶದ ನಡುವಿನ ಡಿ.ಎನ್.ಎ.ಯಲ್ಲಿ ಬರೆದಿರುತ್ತದೆ. ಅದರ ನಕಲು ಹೊರಬಂದು ರೈಬೋಸೋಮ್ ಎಂಬ ಕಣದಲ್ಲಿ ಪೋಣಿಸುವ ಕೆಲಸ ನಡೆಯುತ್ತದೆ. ಹಸುವಿನ ಕೊಂಬು, ಗೊರಸಿನ ಜೀವಕೋಶದಲ್ಲೂ ಇದೇ ಬರಹ ಉಂಟು. ಆದರೆ ಕೇಸೀನಿನ ಪುಟ ತೆರೆಯುವುದು ಕೆಚ್ಚಲಿನಲ್ಲಿ ಮಾತ್ರ.

ಮಲ್ಲಿಗೆ, ಕನಕಾಂಬರ, ಮರುಗ ಎಂದು ಕ್ರಮವಾಗಿ ಹೂಮಾಲೆ ಕಟ್ಟುವಾಗ ಮರುಗ ಮುಗಿದರೆ ಮಾಲೆ ಅಲ್ಲಿಗೇ ನಿಲ್ಲುತ್ತದೆ. ಮಿಕ್ಕ ಮಲ್ಲಿಗೆ ಎಷ್ಟಿದ್ದರೂ ಪ್ರಯೋಜನವಿಲ್ಲ. ಅಮೈನೋ ಆಮ್ಲಗಳು 20 ಬಗೆ. ಅವುಗಳಲ್ಲಿ ಸುಮಾರು ಅರ್ಧದಷ್ಟನ್ನು ಹಸುವಿನ ದೇಹ ತಾನೇ ಮಾಡಿಕೊಳ್ಳಲಾರದು. ಅವು ಬೇಕಾದಷ್ಟು ಸಿಗದಿದ್ದರೆ ಕೇಸೀನ್ ಕಟ್ಟುವ ಕೆಲಸ ಕುಂಠಿತವಾಗುತ್ತದೆ.

ಇವುಗಳನ್ನು ಒದಗಿಸುವುದರಲ್ಲಿ ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳ ಪಾತ್ರ ಬಹಳ ದೊಡ್ಡದು. ಅವು ತಾವು ಬೆಳೆದು, ಮುಂದಿನ ಹೊಟ್ಟೆಗೆ ಸಾಗಿ, ಅಲ್ಲಿ ಜೀರ್ಣವಾಗಿ ಹಸುವಿಗೆ ಅಮೈನೋ ಆಮ್ಲ ಕೊಡುತ್ತವೆ. 1945ರಲ್ಲಿ ನೊಬೆಲ್ ಪ್ರಶಸ್ತಿ ಪಡೆದ ಫಿನ್ಲೆಂಡಿನ ವಿಜ್ಞಾನಿ ವಿರ್ತಾನೆನ್ ಅವರು 1960ರ ದಶಕದಲ್ಲಿ, ಸಸಾರಜನಕವೇ ಇಲ್ಲದ ಆಹಾರಕ್ಕೆ ಅಳತೆಯ ಯೂರಿಯಾ ಮತ್ತು ಅಮೋನಿಯಂ ಲವಣ ಸೇರಿಸಿ ಹಸುಗಳಿಂದ ಹಾಲು ಪಡೆದು ಇದನ್ನು ತೋರಿಸಿದರು. ಆದರೆ ಅದು ಪ್ರಯೋಗಾಲಯದ ಎಚ್ಚರಿಕೆಯಲ್ಲಿ ನಡೆದ ಕೆಲಸ. ಯೂರಿಯಾವನ್ನು ನೀರಿಗೆ, ಕಲಗಚ್ಚಿಗೆ ಕಲಸಿ ಕುಡಿಸಿದರೆ ರಾಸು ಸಾಯುತ್ತದೆ ಎಂಬುದನ್ನು ಮರೆಯಬಾರದು.

ಈಗ ಬೇಗೂರಿನ ಬೇಸಿಗೆಗೆ ಬರೋಣ. ಕಾಡಂಚಿನ ಬಯಲು ಒಣಗುತ್ತದೆ. ಗೊಂತಿನಲ್ಲಿ ಉಳಿಯುವುದು ರಾಗಿ ಹುಲ್ಲು, ಭತ್ತದ ಹುಲ್ಲು. ನಾರು ಧಾರಾಳ, ಜಿಡ್ಡಿಗೆ ಕೊರತೆಯಿಲ್ಲ. ಆದರೆ ಸೂಕ್ಷ್ಮಜೀವಿಗಳು ಚೆನ್ನಾಗಿ ಬೆಳೆಯಲು ಮೇವಿನಲ್ಲಿ ಶೇ. 7ರಷ್ಟಾದರೂ ಸಸಾರಜನಕ ಬೇಕು. ಈ ಹುಲ್ಲುಗಳಲ್ಲಿ ಅಷ್ಟಿಲ್ಲ. ಅವು ಸೊರಗಿದರೆ ಕೇಸೀನ್ ಸೊರಗುತ್ತದೆ, ಲೀಟರೂ ಇಳಿಯುತ್ತದೆ. “ಜಿಡ್ಡು ಬಂತು, ಡಿಗ್ರಿ ಬರಲಿಲ್ಲ” ಎಂಬುದಕ್ಕೆ ಇದೇ ಮುಖ್ಯ ಕಾರಣ.

ಆದ್ದರಿಂದ ಸದಸ್ಯರು ಈ ಕೆಳಗಿನ ವಿಷಯಗಳನ್ನು ಗಮನದಲ್ಲಿಡಬೇಕು:

1. ಒಣ ಹುಲ್ಲಿನ ಜೊತೆ ಅಲಸಂದೆ, ಕುದುರೆ ಮೆಂತ್ಯ, ಅಗಸೆ ಸೊಪ್ಪಿನಂತಹ ದ್ವಿದಳ ಮೇವು ಕೊಡಿ. ಬೋರ್‌ವೆಲ್ ಇದ್ದವರು ಕೆಲವು ಗುಂಟೆಯನ್ನಾದರೂ ಇದಕ್ಕೆ ಮೀಸಲಿಡಿ. ಇಲ್ಲದವರು ಬದುವಿನ ಮೇಲೆ ಅಗಸೆ ಬೆಳೆಸಿ.

2. ದೇಹಪೋಷಣೆಗೆ ಬೇಕಾದುದರ ಮೇಲೆ, ಪ್ರತಿ ಲೀಟರ್ ಹಾಲಿಗೆ ಸುಮಾರು 400 ಗ್ರಾಂ ಸಮತೋಲನ ಪಶು ಆಹಾರ ಕೊಡಿ. ಹೊಸ ಆಹಾರವನ್ನು ಒಮ್ಮೆಲೇ ಕೊಡದೆ ದಿನದಿಂದ ದಿನಕ್ಕೆ ಹೆಚ್ಚಿಸಿ.

3. ಖನಿಜ ಮಿಶ್ರಣ ತಪ್ಪಿಸಬೇಡಿ. ಕೇಸೀನ್ ಅಣುಗಳು ಸುಣ್ಣ ಮತ್ತು ರಂಜಕದ ಬೆಸುಗೆಯಿಂದ ಉಂಡೆಗಟ್ಟಿರುತ್ತವೆ. ಹಾಲು ಬೆಳ್ಳಗೆ ಕಾಣುವುದಕ್ಕೆ ಈ ಉಂಡೆಗಳೂ ಕಾರಣ. ಒಂದು ಲೀಟರ್ ಹಾಲಿನೊಡನೆ ಒಂದು ಗ್ರಾಮಿಗೂ ಹೆಚ್ಚು ಸುಣ್ಣ ಹೊರಹೋಗುತ್ತದೆ. ಮೇವಿನಲ್ಲಿ ಸಿಗದಿದ್ದರೆ ಹಸು ತನ್ನ ಮೂಳೆಯಿಂದ ತೆಗೆದು ಕೊಡುತ್ತದೆ. ಬೆಂಗಳೂರಿನಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯು ಆಯಾ ಪ್ರದೇಶದ ಕೊರತೆಗೆ ತಕ್ಕ ಖನಿಜ ಮಿಶ್ರಣಗಳನ್ನು ರೂಪಿಸಿದೆ.

4. ಕೆಚ್ಚಲು ಬಾವು ಕಂಡ ತಕ್ಷಣ ಪಶುವೈದ್ಯರಿಗೆ ತೋರಿಸಿ. ಬಾವು ಬಂದರೆ ಜೀವಕೋಶಗಳೇ ಹಾಳಾಗುತ್ತವೆ. ಲ್ಯಾಕ್ಟೋಸ್, ಕೇಸೀನ್ ಇಳಿದು ರಕ್ತದ ಉಪ್ಪು ಹಾಲಿಗೆ ಸೇರುತ್ತದೆ. ಹಾಲು ಉಪ್ಪುಪ್ಪಾಗುವುದು ಇದರಿಂದಲೇ.

5. ಕುಡಿಯಲು ದಿನವಿಡೀ ಶುದ್ಧ ನೀರು ಇರಲಿ.

ಬಂಧುಗಳೇ, ಡಿಗ್ರಿ ಏರಿಸಲು ಕ್ಯಾನಿಗೆ ಸಕ್ಕರೆ, ಉಪ್ಪು, ಯೂರಿಯಾ ಹಾಕುವ ಕೆಟ್ಟ ಬುದ್ಧಿ ಅಲ್ಲೊಬ್ಬರು ಇಲ್ಲೊಬ್ಬರಿಗೆ ಬರುವುದುಂಟು. ಇವುಗಳನ್ನು ಪತ್ತೆಹಚ್ಚುವ ಪರೀಕ್ಷೆಗಳಿವೆ. ಒಬ್ಬರ ಕಲಬೆರಕೆಯಿಂದ ಇಡೀ ಊರಿನ ಹಾಲು ತಿರಸ್ಕೃತವಾಗುತ್ತದೆ, ಕುಡಿಯುವ ಮಕ್ಕಳಿಗೂ ಕೇಡು. 199 ಅಮೈನೋ ಆಮ್ಲಗಳನ್ನು ಕ್ರಮ ತಪ್ಪದೆ ಪೋಣಿಸುವ ಕೆಲಸವನ್ನು ಕೆಚ್ಚಲಿನ ಜೀವಕೋಶ ಹಗಲಿರುಳೂ ಮಾಡುತ್ತಿದೆ. ಅದಕ್ಕೆ ಬೇಕಾದ ಕಚ್ಚಾಮಾಲನ್ನು ಗೊಂತಿನಲ್ಲಿ ಒದಗಿಸುವುದು ನಮ್ಮ ಕೆಲಸ. ಅಷ್ಟು ಮಾಡಿಯೂ ಡಿಗ್ರಿ ಬಾರದಿದ್ದರೆ, ಏನೇನು ಮೇವು ಹಾಕಿದಿರಿ ಎಂಬ ಲೆಕ್ಕದೊಂದಿಗೆ ಕಾರ್ಯದರ್ಶಿಗಳನ್ನೂ ಪಶುವೈದ್ಯರನ್ನೂ ಕೇಳಿ. ಹಾಗೆ ಕೇಳುವ ಹಕ್ಕು ಪ್ರತಿ ಸದಸ್ಯರಿಗೂ ಇದೆ.